ಕೂತು ತಿಂದ ತಿಂಡಿ

ಮಾರ್ಚ್ ೧೭, ಸೋಮವಾರ

ಸಮುದ್ರದ ಊರು ತಲುಪಿದೆವು. ಬಸ್ಸಿನಲ್ಲಿ ಏಳು ಗಂಟೆ. ಕಿಟಕಿಯ ಪಕ್ಕ ಆ ಹೆಂಗಸು, ಈ ತುದಿಗೆ ನಾನು, ನಡುವೆ ನಮ್ಮ ಗೆಳತಿ ನರ್ಸು. ಏಳು ಗಂಟೆಯಲ್ಲಿ ಒಂದು ಸಲವೂ ಕಿಟಕಿಯ ಕಡೆ ಕತ್ತು ತಿರುಗಿಸಲಿಲ್ಲ. ಈಗ ಕತ್ತು ಹಿಡಿದುಕೊಂಡಿದೆ. ಇರಲಿ.

ಇದು ಅಂಗಡಿಯ ಹಳೆಯ ಆರ್ಡರ್ ಡೈರಿ. ಈ ಪುಟದ ಮೇಲ್ಗಡೆ ಯಾರದೋ ಬಚ್ಚಲಿನ ಕನ್ನಡಿಯ ಅಳತೆ ಇದೆ. ಅದರ ಕೆಳಗೆ ಬರೆಯುತ್ತಿದ್ದೇನೆ. ಯಾರಿಗೂ ತೋರಿಸುವುದಕ್ಕಲ್ಲ. ಇಲ್ಲಿ ಮಾತಾಡಲು ಯೋಗ್ಯರು ಯಾರೂ ಇಲ್ಲ, ಅದಕ್ಕೆ. ನಡೆದದ್ದನ್ನು ಒಮ್ಮೆ ನೆಟ್ಟಗೆ ಬರೆದಿಡುತ್ತೇನೆ. ನಾಳೆ ಯಾರೂ ನನ್ನ ಬಾಯಿಗೆ ತಮ್ಮ ಮಾತು ತುರುಕಬಾರದು.

ನಮ್ಮದು ಗಾಜಿನ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಖಾಲಿ ಹೊಟ್ಟೆಯಲ್ಲಿ ಯಾರೂ ಗಾಜು ಮುಟ್ಟಬಾರದು ಎನ್ನುವುದು ಯಜಮಾನರು ಇದ್ದಾಗಿನಿಂದ ನಡೆದು ಬಂದ ನಿಯಮ. ಹಸಿವಾದರೆ ಕೈ ನಡುಗಿ ಬೆರಳು ಕುಯ್ದುಕೊಳ್ಳುತ್ತಾರೆ ಎನ್ನುತ್ತಿದ್ದರು. ಆದ್ದರಿಂದ ಬೆಳಿಗ್ಗೆ ಏಳಕ್ಕೆ ಕೆಲಸಗಾರರು ಐದು ಜನ, ಮನೆಯವರು ಮೂವರು, ಎಲ್ಲರಿಗೂ ನನ್ನ ಅಡುಗೆಮನೆಯಲ್ಲೇ ತಿಂಡಿ. ಮೂವತ್ತೆಂಟು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ನಾನು ಹೊರಗೆ ತಿಂಡಿ ತಿಂದವಳಲ್ಲ, ಮನೆಯವರನ್ನು ತಿನ್ನಲು ಬಿಟ್ಟವಳೂ ಅಲ್ಲ.

ಹೋದ ತಿಂಗಳು ಬೆಳಿಗ್ಗೆ ಕಣ್ಣಿನ ಔಷಧಿ ತರಲು ಹೋದವಳು ಬಸ್ ನಿಲ್ದಾಣದ ಎದುರಿನ ಕೆಫೆಯ ಮುಂದೆ ಹಾದುಬಂದೆ. ಆ ಕೆಫೆಯ ಮುಂಗಾಜು ನಮ್ಮಲ್ಲೇ ಕತ್ತರಿಸಿದ್ದು. ಎಂಟು ಎಂಎಂ, ಅಂಚು ಮಸೆದು ಕೂರಿಸಿದ್ದು. ಕೆಲಸ ಹೇಗಿದೆ ನೋಡೋಣ ಎಂದು ಕಣ್ಣು ಹಾಕಿದರೆ, ಗಾಜಿನ ಹಿಂದೆ ನನ್ನ ಸೊಸೆ. ಒಬ್ಬಳೇ ಕೂತು ಬ್ರೆಡ್ಡು, ಮೊಟ್ಟೆ ತಿನ್ನುತ್ತಿದ್ದಾಳೆ. ಅವಳು ಕೆಲಸ ಮಾಡುವ ಹಲ್ಲಿನ ಆಸ್ಪತ್ರೆ ತೆರೆಯುವುದು ಒಂಬತ್ತಕ್ಕೆ. ಬಸ್ಸು ಬೇಗ ಎಂದು ಸುಳ್ಳು ಹೇಳಿ ಏಳೂವರೆಗೇ ಮನೆ ಬಿಡುತ್ತಿದ್ದುದು ಇದಕ್ಕೆ.

ಒಳಗೆ ಹೋದೆ. ಅವಳ ಮುಂದಿದ್ದ ತಟ್ಟೆ ಎತ್ತಿ ಕೌಂಟರಿನ ಮೇಲಿಟ್ಟೆ. ನಮ್ಮ ಮನೆಯ ಸೊಸೆಗೆ ಮನೆಯಲ್ಲಿ ಅನ್ನ ಇದೆ, ಇದನ್ನು ನಾಯಿಗೆ ಹಾಕಿ ಎಂದೆ. ಹೆತ್ತವಳು ಕಲಿಸಿದ್ದು ಇದನ್ನೇನಾ ಎಂದೂ ಕೇಳಿದೆ. ಕೆಫೆ ತುಂಬ ಜನ ಇದ್ದರು. ಅವಳು ಒಂದು ಮಾತಿಗೂ ಉತ್ತರ ಕೊಡದೆ ಚೀಲ ತೆಗೆದುಕೊಂಡು ಹೊರಟುಹೋದಳು. ಅಷ್ಟು ಸೊಕ್ಕು. ಅವತ್ತಿನಿಂದ ತಾಯಿಯ ಮನೆಯಲ್ಲಿದ್ದಾಳೆ.

ತಾಯಿ ಎಂದರೆ ಈ ಹೆಂಗಸೇ, ಕಿಟಕಿಯ ಪಕ್ಕದವಳು. ಹೈಸ್ಕೂಲಿನಲ್ಲಿ ನಾನು, ಇವಳು, ನರ್ಸು ಒಂದೇ ಬೆಂಚು. ಇವಳ ಮಗಳನ್ನು ನಾನೇ ಬಾಯಿಬಿಟ್ಟು ಕೇಳಿ ತಂದುಕೊಂಡೆ. ಅದಕ್ಕೆ ಈಗ ಅನುಭವಿಸುತ್ತಿದ್ದೇನೆ.

ಮಗ ಹೇಳಿದ್ದು ಇಷ್ಟು. ನಾನು ಅದೇ ಕೆಫೆಗೆ ಹೋಗಿ, ಅದೇ ಜನರ ಮುಂದೆ ತಪ್ಪಾಯಿತು ಎನ್ನಬೇಕು. ಹಾಗಾದರೆ ಸೊಸೆ ಬರುತ್ತಾಳೆ. ಇಲ್ಲದಿದ್ದರೆ ಏಪ್ರಿಲ್ ಒಂದಕ್ಕೆ ಅವರಿಬ್ಬರೂ ಬೇರೆ ಮನೆಗೆ. ಮನೆ ನೋಡಿಟ್ಟಿದ್ದಾನೆ. ನನಗೆ ಅಲ್ಲಿನ ಕಿಟಕಿಗಳ ಅಳತೆ ಕೂಡ ಗೊತ್ತು, ಅಂಗಡಿಯ ಮೇಜಿನ ಮೇಲೆ ಚೀಟಿ ಬಿದ್ದಿತ್ತು.

ನಾನು ತಪ್ಪಾಯಿತು ಎನ್ನುವುದಿಲ್ಲ. ಬರೆದಿಟ್ಟಿದ್ದೇನೆ.

ಈ ಪ್ರವಾಸವನ್ನು ನರ್ಸು ಡಿಸೆಂಬರಿನಲ್ಲೇ ಬುಕ್ ಮಾಡಿದ್ದಳು. ಬರುವುದಿಲ್ಲ ಎಂದಿದ್ದರೆ ನಾನು ಹೆದರಿದೆ ಎಂದಾಗುತ್ತಿತ್ತು. ಆ ಹೆಂಗಸೂ ಹಾಗೇ ಎಣಿಸಿರಬೇಕು. ಎಂಟು ದಿನ ಮೂವರೂ ಒಂದೇ ಕೋಣೆ. ಚಿಕ್ಕ ಕರೆಂಟ್ ಒಲೆ ತಂದಿದ್ದೆ. ಲಾಡ್ಜಿನ ಮ್ಯಾನೇಜರ್ ಚೀಲ ನೋಡಿ ಅದನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟ. ಕೋಣೆಯಲ್ಲಿ ಬೇಯಿಸುವಂತಿಲ್ಲವಂತೆ. ಅವನ ಕಿಟಕಿಗೆ ಹಾಕಿರುವುದು ಮೂರು ಎಂಎಂ ಗಾಜು, ಗಾಳಿ ಬಂದರೆ ಗಡಗಡ ಎನ್ನುತ್ತದೆ, ಮೊದಲು ಅದನ್ನು ನೋಡಿಕೋ ಎಂದೆ.

ಮಾರ್ಚ್ ೧೮, ಮಂಗಳವಾರ

ಜನ್ಮದಲ್ಲಿ ಮೊದಲ ಸಲ ಹೊರಗೆ ತಿಂಡಿ. ಲಾಡ್ಜಿನ ಎದುರಿನ ಕೆಫೆ. ಕುರ್ಚಿಯ ಕಾಲು ಕುಂಟು. ಬ್ರೆಡ್ಡು ಒಂದು ಬದಿ ಸುಟ್ಟಿದೆ, ಇನ್ನೊಂದು ಬದಿ ಹಸಿ. ಆರ್ಡರ್ ಕೊಟ್ಟು ಇಪ್ಪತ್ತು ನಿಮಿಷ ಸುಮ್ಮನೆ ಕೂರಿಸಿದರು. ಆ ಇಪ್ಪತ್ತು ನಿಮಿಷದಲ್ಲಿ ನಾನು ಎಂಟು ಜನಕ್ಕೆ ಬಡಿಸಿ ತಟ್ಟೆ ತೊಳೆದಿರುತ್ತಿದ್ದೆ.

ಎರಡು ಸಲ ಎದ್ದೆ. ಒಂದು ಸಲ ನೀರು ತರಲು, ಇನ್ನೊಂದು ಸಲ ಪಕ್ಕದ ಮೇಜಿನ ಮೇಲೆ ಬಿದ್ದಿದ್ದ ಎಂಜಲು ತಟ್ಟೆ ಎತ್ತಲು. ಸಪ್ಲೈಯರ್ ಓಡಿಬಂದು ಅಮ್ಮಾ ಇಡಿ ಎಂದ. ನರ್ಸು ನಕ್ಕಳು. ಮಾನಿಟರು ಎಲ್ಲಿ ಹೋದರೂ ಮಾನಿಟರೇ ಎಂದಳು. ಅದು ನನ್ನ ಹೈಸ್ಕೂಲಿನ ಹೆಸರು. ನನಗೆ ನಗು ಬರಲಿಲ್ಲ.

ಎಲ್ಲರಿಗೂ ಎರಡೆರಡು ಬೇಯಿಸಿದ ಮೊಟ್ಟೆ ಬಂದವು. ನನಗೆ ಹಳದಿ ಭಾಗ ಸೇರುವುದಿಲ್ಲ, ಗಂಟಲಿಗೆ ಅಂಟುತ್ತದೆ. ಆ ಹೆಂಗಸಿಗೆ ಬಿಳಿ ಸೇರುವುದಿಲ್ಲ. ಹೈಸ್ಕೂಲಿನಲ್ಲಿ ಡಬ್ಬಿ ತೆರೆದ ಕೂಡಲೇ ನನ್ನ ಹಳದಿ ಅವಳಿಗೆ, ಅವಳ ಬಿಳಿ ನನಗೆ. ಕೇಳುವುದು, ಕೊಡುವುದು ಏನೂ ಇರಲಿಲ್ಲ, ಕೈ ತಾನೇ ಹೋಗುತ್ತಿತ್ತು. ಇವತ್ತು ಕೈ ಹೋಗಲಿಲ್ಲ. ನನ್ನ ತಟ್ಟೆಯಲ್ಲಿ ಎರಡು ಹಳದಿ ಉಂಡೆ, ಅವಳ ತಟ್ಟೆಯಲ್ಲಿ ನಾಲ್ಕು ಬಿಳಿ ಚಿಪ್ಪು ಉಳಿದವು. ಮೊಟ್ಟೆ ಚೆನ್ನಾಗಿಲ್ಲವಾ ಎಂದು ಸಪ್ಲೈಯರ್ ಕೇಳಿದ. ಮೊಟ್ಟೆ ಚೆನ್ನಾಗಿದೆ, ಸಹವಾಸ ಚೆನ್ನಾಗಿಲ್ಲ ಎಂದೆ.

ಮಾರ್ಚ್ ೧೯, ಬುಧವಾರ

ಬೇರೆ ಕೆಫೆ. ಕಾಫಿ ನೀರು. ಮೊಟ್ಟೆ ಮತ್ತೆ ಹಾಗೇ ಉಳಿಯಿತು, ಎರಡು ತಟ್ಟೆಯಲ್ಲೂ.

ಮಗ ಫೋನ್ ಮಾಡಿದ್ದ. ಬೀಗಿತ್ತಿಯ ಹತ್ತಿರ ಮಾತಾಡಿದೆಯಾ ಎಂದ. ಇಲ್ಲ ಎಂದೆ. ಅಂಗಡಿಯಲ್ಲಿ ತಿಂಡಿ ಯಾರು ಮಾಡುತ್ತಿದ್ದಾರೆ ಎಂದು ಕೇಳಿದೆ. ಅವನೂ ಹಿರಿಯ ಕೆಲಸಗಾರನೂ ಸೇರಿ ಮಾಡುತ್ತಿದ್ದಾರಂತೆ. ಎಲ್ಲರೂ ತಾವೇ ಬಡಿಸಿಕೊಳ್ಳುತ್ತಾರಂತೆ. ಯಾರೂ ಬೆರಳು ಕುಯ್ದುಕೊಂಡಿಲ್ಲವಂತೆ.

ಇದನ್ನು ಅವನು ಯಾಕೆ ಹೇಳಬೇಕಿತ್ತು?

ಮಾರ್ಚ್ ೨೦, ಗುರುವಾರ

ಮಧ್ಯಾಹ್ನ ಸಮುದ್ರದ ಎದುರಿನ ದೊಡ್ಡ ರೆಸ್ಟೋರೆಂಟಿಗೆ ಕರೆದುಕೊಂಡು ಹೋದಳು ನರ್ಸು. ನೆಲದಿಂದ ಮಾಡಿನವರೆಗೆ ಗಾಜು. ಹನ್ನೆರಡು ಎಂಎಂ ಇರಬೇಕು, ಕೀಲುಗಳಲ್ಲಿ ಹಂದಾಡುವುದಿಲ್ಲ. ಕೂರಿಸಿದವನು ಕೆಲಸ ಬಲ್ಲವನು. ಈ ಊರಿನಲ್ಲಿ ಮೊದಲ ಸಲ ಒಂದು ವಸ್ತು ಸರಿಯಾಗಿದ್ದುದು ಕಂಡೆ.

ಊಟ ಅರ್ಧದವರೆಗೆ ಮಾಮೂಲಿನಂತೆ ನಡೆಯಿತು. ಅಂದರೆ, ಆ ಹೆಂಗಸಿಗೆ ಉಪ್ಪು ಬೇಕಾದರೆ ನರ್ಸಿಗೆ ಹೇಳುತ್ತಾಳೆ, ನರ್ಸು ನನಗೆ ಹೇಳುತ್ತಾಳೆ, ನಾನು ಉಪ್ಪನ್ನು ನರ್ಸಿಗೆ ಕೊಡುತ್ತೇನೆ. ನರ್ಸು ಚಮಚ ಕೆಳಗಿಟ್ಟಳು. ಮೂವತ್ತು ವರ್ಷ ವಾರ್ಡಿನಲ್ಲಿ ಒದ್ದಾಡಿದ್ದೀನಿ, ಪ್ರಜ್ಞೆ ಇಲ್ಲದ ರೋಗಿಗಳೂ ನಿಮಗಿಂತ ಚೆನ್ನಾಗಿ ಮಾತಾಡ್ತಿದ್ರು ಎಂದಳು.

ನಾನು ಖಾಲಿಯಾದ ಬಟ್ಟಲುಗಳನ್ನು ಒಂದರ ಮೇಲೊಂದು ಜೋಡಿಸಿ ಎದ್ದೆ. ಎಲ್ಲಿಡಬೇಕು ಎಂದು ನೋಡುತ್ತಿದ್ದೆ. ಆಗ ಆ ಹೆಂಗಸು ನೇರವಾಗಿ ನನಗೇ ಹೇಳಿದಳು. ಒಂದು ತಿಂಗಳಾದ ಮೇಲೆ ಮೊದಲ ಮಾತು.

"ಕೂತ್ಕೊಳ್ಳೇ. ನೀನೂ ಕೂರಲ್ಲ, ಇನ್ನೊಬ್ರನ್ನೂ ಕೂರಕ್ಕೆ ಬಿಡಲ್ಲ."

"ಯಾರನ್ನ ಕೂರಕ್ಕೆ ಬಿಡಲಿಲ್ಲ ನಾನು?"

"ನನ್ನ ಮಗಳನ್ನ."

ಬಟ್ಟಲು ಕೆಳಗಿಟ್ಟೆ. ಹೇಳು, ಹೊಟ್ಟೆಯಲ್ಲಿರುವುದನ್ನೆಲ್ಲ ಇಲ್ಲೇ ಕಕ್ಕು ಎಂದೆ.

"ಅವಳು ತಿಂಡಿಗೋಸ್ಕರ ಅಲ್ಲಿಗೆ ಹೋಗ್ತಿರಲಿಲ್ಲ ಕಣೆ. ಕೂತ್ಕೊಳ್ಳಕ್ಕೆ ಹೋಗ್ತಿದ್ಲು. ದಿನಕ್ಕೆ ಅರ್ಧ ಗಂಟೆ."

"ನಮ್ಮನೇಲಿ ಕುರ್ಚಿ ಇಲ್ವಾ?"

"ಎಂಟಿವೆ. ಅವಳು ಯಾವುದರಲ್ಲಿ ಕೂತಿದ್ದು ನೋಡಿದೀಯ, ಹೇಳು."

ಪಕ್ಕದ ಮೇಜಿನವರು ತಿನ್ನುವುದು ನಿಲ್ಲಿಸಿ ನೋಡುತ್ತಿದ್ದರು. ನಾನು ಹೇಳಬಹುದಿತ್ತು. ನಾನೂ ಮೂವತ್ತೆಂಟು ವರ್ಷ ಒಲೆಯ ಪಕ್ಕ ನಿಂತೇ ತಿಂದಿದ್ದೇನೆ, ನನಗೇನಾಗಿದೆ ಎಂದು ಕೇಳಬಹುದಿತ್ತು. ಸೂಪು ಆರುತ್ತಿತ್ತು. ಕೇಳಲಿಲ್ಲ.

ವಾಪಸು ಬರುವಾಗ ನರ್ಸು ನಡುವೆ ನಡೆದಳು, ಬಸ್ಸಿನಲ್ಲಿ ಕೂತ ಹಾಗೇ. ಬೀಗಿತ್ತಿ ಎನ್ನಿಸಿಕೊಂಡವಳು ನಾಲ್ಕು ಜನರ ಮುಂದೆ ಬೀಗಿತ್ತಿಯ ಮಾನ ಕಳೆಯಬಹುದೇ? ಅದನ್ನು ಕೇಳುವವರಿಲ್ಲ. ನಾನು ಕಳೆದರೆ ಮಾತ್ರ ಮಗ ಬೇರೆ ಮನೆ ನೋಡುತ್ತಾನೆ.

ಮಾರ್ಚ್ ೨೧, ಶುಕ್ರವಾರ

ಅವರ ಜೊತೆ ಹೋಗಲಿಲ್ಲ. ಮನೆಯಿಂದ ತಂದ ರಸ್ಕು ತಿಂದೆ. ಸಮುದ್ರದ ಗಾಳಿಗೆ ಮೆತ್ತಗಾಗಿದೆ.

ಎಂಟು ಕುರ್ಚಿ. ಕೆಲಸಗಾರರು ಐದು, ಮಗ ಆರು. ಎರಡು ಖಾಲಿ. ಒಂದರ ಮೇಲೆ ಹಿಟ್ಟಿನ ಡಬ್ಬ ಇರುತ್ತದೆ, ಇನ್ನೊಂದರ ಮೇಲೆ ಮಡಚಿದ ಬಟ್ಟೆ. ಅಷ್ಟೇ. ಖಾಲಿ ಇತ್ತಲ್ಲ. ಬಟ್ಟೆ ತೆಗೆದು ಕೂರಬೇಡ ಎಂದು ಯಾರಾದರೂ ಅವಳ ಕೈ ಹಿಡಿದಿದ್ದರೇ?

ಹೊಟ್ಟೆ ತಾಳ ಹಾಕುತ್ತಿದೆ.

ಮಾರ್ಚ್ ೨೨, ಶನಿವಾರ

ರಸ್ಕು ತಿನ್ನುವಂತಿರಲಿಲ್ಲ, ಅದಕ್ಕೇ ಹೋದೆ. ಇವರಿಬ್ಬರೂ ಏಳುವ ಮೊದಲೇ ಹೊರಟೆ. ಲಾಡ್ಜಿನ ಹಿಂದಿನ ಓಣಿಯ ಕೊನೆಗೆ ಒಂದು ಚಿಕ್ಕ ಕೆಫೆ ಇದೆ. ನಾಲ್ಕೇ ಮೇಜು. ನಡೆಸುವವಳು ನನಗಿಂತ ಸ್ವಲ್ಪ ಚಿಕ್ಕವಳು, ದಪ್ಪ ಮೂಗು, ಮುಖದಲ್ಲಿ ನಗುವಿಲ್ಲ. ನನಗೆ ಇಷ್ಟವಾಯಿತು, ಅಂದರೆ ನಗುವಿಲ್ಲದ್ದು.

ಗಾಜಿನ ಪಕ್ಕದ ಮೇಜಿಗೆ ಕೂತೆ. ಗಾಜು ಐದು ಎಂಎಂ, ಕೆಳಗಿನ ಅಂಚಿನಲ್ಲಿ ಗಾಜು ಹಿಡಿಸುವ ಪುಟ್ಟಿ ಉದುರಿದೆ. ಮಳೆ ಬಂದರೆ ನೀರು ಒಳಗೆ ಬರುತ್ತದೆ. ಅವಳು ಬ್ರೆಡ್ಡು, ಮೊಟ್ಟೆ, ಕಾಫಿ ತಂದಿಟ್ಟು ಹೋದಳು. ಬೇರೇನಾದರೂ ಬೇಕಾ ಎಂದೂ ಕೇಳಲಿಲ್ಲ. ಅಂಗಡಿ ಎಂದಮೇಲೆ ಗಿರಾಕಿಯನ್ನು ಕೇಳಬೇಕು. ಅದು ಅವಳ ತಪ್ಪು.

ಕಾಫಿ ಕುಡಿದೆ. ಎದುರಿನ ಮನೆಯವರು ಬಟ್ಟೆ ಒಣಗಿಸುತ್ತಿದ್ದರು. ಒಂದು ನಾಯಿ ಬಂತು, ಹೋಯಿತು. ಒಬ್ಬ ಗಂಡಸು ಸೈಕಲ್ಲಿನ ಚೈನು ಹಾಕಲು ಒದ್ದಾಡಿ, ಮೂರನೆಯ ಸಲ ಹಾಕಿಕೊಂಡು ಹೋದ. ಅಮ್ಮ ಉಪ್ಪು ಎಲ್ಲಿ, ಅತ್ತೆ ಹಾಲು ಉಕ್ಕುತ್ತಿದೆ, ಅಮ್ಮಾವ್ರೇ ಇನ್ನೊಂದು ಹಾಕಿ ಎಂದು ಯಾರೂ ಕರೆಯಲಿಲ್ಲ. ಎದ್ದು ನೋಡಿದರೆ ಗೋಡೆಯ ಗಡಿಯಾರ ಒಂದು ಗಂಟೆ ಮುಂದೆ ಓಡಿತ್ತು. ಕೆಟ್ಟಿರಬೇಕು.

ಎಲ್ಲಿಗೆ ಹೋಗಿದ್ದೆ ಎಂದು ನರ್ಸು ಕೇಳಿದಳು. ಮಂಡಿ ನೋವಿಗೆ ನಡೆಯಬೇಕು ಎಂದು ಡಾಕ್ಟರ್ ಹೇಳಿದ್ದಾರೆ, ನಡೆಯಲು ಹೋಗಿದ್ದೆ ಎಂದೆ. ಎಲ್ಲವನ್ನೂ ಎಲ್ಲರಿಗೂ ಒಪ್ಪಿಸಬೇಕೇ?

ಮಧ್ಯಾಹ್ನ ಮೂವರೂ ಒಟ್ಟಿಗೆ ಊಟಕ್ಕೆ ಹೋದೆವು. ಅನ್ನ ಮುದ್ದೆಯಾಗಿತ್ತು, ತರಕಾರಿಯಲ್ಲಿ ಎಣ್ಣೆ ತೇಲುತ್ತಿತ್ತು. ಮಾಲೀಕನನ್ನು ಕರೆಸಿ ಹೇಳಿದೆ. ಬೇರೆ ಯಾರೂ ದೂರು ಕೊಟ್ಟಿಲ್ಲ ಎಂದ. ಅವರಿಗೆ ನಾಲಿಗೆ ಇಲ್ಲ ಎಂದೆ. ಬೀಗಿತ್ತಿ ತನ್ನ ತಟ್ಟೆ ಅವನ ಕಡೆ ತಳ್ಳಿ, ನಂಗೂ ಇಲ್ಲ ಅಂದ್ಕೊಂಡ್ಯಾ, ನೀನೇ ತಿಂದು ನೋಡು ಎಂದಳು. ಅವನು ತಿನ್ನಲಿಲ್ಲ, ತಟ್ಟೆ ಬದಲಾಯಿಸಿದ. ಇವಳು ಹೈಸ್ಕೂಲಿನಲ್ಲೂ ಹೀಗೇ ನಡುವೆ ಬಾಯಿ ಹಾಕುತ್ತಿದ್ದಳು. ಅದಕ್ಕೇ ಸೂಜಿ ಎಂದು ಕರೆಯುತ್ತಿದ್ದೆವು. ಆಮೇಲೆ ಹೊಲಿಗೆ ಟೀಚರೇ ಆದಳು.

ಮಾರ್ಚ್ ೨೩, ಭಾನುವಾರ

ಪುಟ್ಟಿಯ ವಿಷಯ ಹೇಳಲು ಮತ್ತೆ ಓಣಿಯ ಕೆಫೆಗೆ ಹೋದೆ. ಕಂಡ ಮೇಲೆ ಹೇಳದಿರುವುದು ನಮ್ಮ ಕಸುಬಿಗೆ ಸಲ್ಲದು. ಕೆಳಗಿನ ಅಂಚು ಕೆರೆದು ತೆಗೆದು ಹೊಸದು ಮೆತ್ತಿಸು, ಒಣಗುವವರೆಗೆ ಬಾಗಿಲು ಬಡಿಯಬೇಡ ಎಂದೆ. ಕೆಫೆಯವಳು ತಲೆ ಆಡಿಸಿದಳು. ಅದೇ ಮೇಜು ಖಾಲಿ ಇತ್ತು. ಕಾಲು ನೋಯುತ್ತಿತ್ತು, ಕೂತೆ.

ಗಡಿಯಾರ ಇವತ್ತೂ ಮುಂದೆ ಓಡಿತ್ತು. ರಿಪೇರಿ ಮಾಡಿಸಿಲ್ಲ.

ಮಂಡಿ ಹೇಗಿದೆ ಎಂದು ನರ್ಸು ಕೇಳಿದಳು. ನಡೆದ ಮೇಲೆ ಹಗುರವಾಗಿದೆ ಎಂದೆ. ಅವಳು ಮುಟ್ಟಿ ನೋಡಲು ಬಂದಳು, ಬೇಡ ಎಂದೆ. ಈ ಊರಿನ ಜನಕ್ಕೂ ಇವಳಿಗೂ ಒಂದೇ ಚಾಳಿ, ಮೈಮೇಲೆ ಬೀಳುವುದು.

ಮಾರ್ಚ್ ೨೪, ಸೋಮವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಓಣಿಯ ಕೆಫೆಯಲ್ಲಿದ್ದೆ. ಬ್ರೆಡ್ಡು ಬಾಯಿಗಿಟ್ಟುಕೊಂಡು ತಲೆ ಎತ್ತಿದರೆ ಗಾಜಿನ ಆಚೆ ಬೀಗಿತ್ತಿ ನಿಂತಿದ್ದಾಳೆ. ಹಾಲಿನ ಪ್ಯಾಕೆಟ್ಟೋ ಏನೋ ತರಲು ಬಂದಿರಬೇಕು, ಕೈಯಲ್ಲಿ ಚೀಲ ಇತ್ತು. ಎರಡು ಮಾರು ದೂರ. ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು. ಮೇಜು, ತಟ್ಟೆ, ಕಾಫಿ, ಎದುರಿನ ಖಾಲಿ ಕುರ್ಚಿ, ಎಲ್ಲ ನೋಡಿದಳು.

ಒಳಗೆ ಬರುತ್ತಾಳೆ ಎಂದು ಕಾದೆ. ಬರಲಿ ಎಂದುಕೊಂಡೆ. ಏನು ಹೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಒಂದೊಂದಕ್ಕೂ ಉತ್ತರ ಸಿದ್ಧವಿತ್ತು. ರಸ್ಕು ಮೆತ್ತಗಾಗಿತ್ತು. ಪುಟ್ಟಿ ಉದುರಿತ್ತು. ಕಾಲು ನೋಯುತ್ತಿತ್ತು. ಆದರೆ ಬಾಯಲ್ಲಿ ಬ್ರೆಡ್ಡು. ನುಂಗಲು ಇಳಿಯುತ್ತಿಲ್ಲ, ಉಗಿಯುವ ಹಾಗಿಲ್ಲ. ಅವಳು ಆಗ ಬಂದು ಕೇಳಿದ್ದರೆ ನಾನು ಬೆಪ್ಪಿಯ ಹಾಗೆ ಕೆನ್ನೆ ಉಬ್ಬಿಸಿಕೊಂಡು ಕೂತಿರುತ್ತಿದ್ದೆ.

ಅವತ್ತು ಸೊಸೆಯ ಕೆನ್ನೆಯೂ ಉಬ್ಬಿತ್ತು. ಬಾಯಲ್ಲಿ ತುತ್ತು ಇತ್ತು. ಇದು ಈಗ ಯಾಕೆ ನೆನಪಾಯಿತೋ ಗೊತ್ತಿಲ್ಲ.

ಬೀಗಿತ್ತಿ ಒಳಗೆ ಬರಲಿಲ್ಲ. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು. ತಿರುಗಿದಳು. ಹೋದಳು.

ಕೋಣೆಗೆ ಬಂದಾಗ ನರ್ಸು ಬಾಗಿಲಲ್ಲೇ ಹಿಡಿದಳು. ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ, ನಿನಗಾಗಿ ಕಾದು ಕಾದು ಹೊಟ್ಟೆ ಬೆನ್ನಿಗೆ ಅಂಟಿತು ಎಂದಳು. ನಾನು ಬಾಯಿ ತೆರೆಯುವ ಮೊದಲು ಹಾಸಿಗೆಯ ಮೇಲಿಂದ ಬೀಗಿತ್ತಿ, ಸಮುದ್ರದ ದಂಡೆಯಲ್ಲಿ ನಡೀತಿದ್ಲು, ನಾನೇ ನೋಡ್ದೆ ಎಂದಳು. ತಲೆ ಎತ್ತದೆ, ಬಟ್ಟೆ ಮಡಚುತ್ತಾ.

ನನಗೆ ಮೈ ಉರಿಯಿತು. ಇವಳ ಸುಳ್ಳಿನ ಭಿಕ್ಷೆ ನನಗೆ ಬೇಕಿಲ್ಲ. ಒಳಗೆ ಬಂದು ನಾಲ್ಕು ಮಾತು ಅಂದಿದ್ದರೆ ನಾನೂ ನಾಲ್ಕು ಅಂದು ಲೆಕ್ಕ ಸರಿಯಾಗುತ್ತಿತ್ತು. ಅನ್ನಲಿಲ್ಲ. ನನ್ನನ್ನು ತಿನ್ನಲು ಬಿಟ್ಟು ಹೋದಳು. ಹೀಗೆ ಮಾಡಿದರೆ ಎದುರಿನವರು ಏನು ಮಾಡಬೇಕು?

ನರ್ಸಿನ ಕಣ್ಣು ತಪ್ಪಿಸಿ ಕೇಳಿಯೇಬಿಟ್ಟೆ.

"ಯಾಕೆ ಒಳಗೆ ಬರಲಿಲ್ಲ?"

"ನೀನು ತಿಂತಿದ್ದೆ" ಎಂದಳು. ಅಷ್ಟೇ.

ಮಧ್ಯಾಹ್ನದ ಊಟಕ್ಕೆ ಅನ್ನದ ಜೊತೆ ಬೇಯಿಸಿದ ಮೊಟ್ಟೆ ಕೊಟ್ಟರು. ನನ್ನ ತಟ್ಟೆ ಚಿಕ್ಕದು, ಜಾಗ ಇರಲಿಲ್ಲ. ಹಳದಿ ತೆಗೆದು ಸೂಜಿಯ ತಟ್ಟೆಗೆ ಹಾಕಿದೆ. ಅವಳು ಬಿಳಿ ಈ ಕಡೆ ಹಾಕಿದಳು. ನರ್ಸು ಏನೋ ಹೇಳಲು ಬಾಯಿ ತೆರೆದಳು. ತಿನ್ನು ಎಂದು ಇಬ್ಬರೂ ಒಟ್ಟಿಗೆ ಗದರಿದೆವು.

ಮಾರ್ಚ್ ೨೫, ಮಂಗಳವಾರ

ಮನೆಗೆ ಬಂದೆ. ಮ್ಯಾನೇಜರ್ ಒಲೆ ವಾಪಸು ಕೊಟ್ಟ, ವೈರು ಸುತ್ತಿಡಲೂ ಬಂದಿಲ್ಲ ಅವನಿಗೆ. ಬಸ್ಸಿನಲ್ಲಿ ನರ್ಸಿಗೆ ಹೊಟ್ಟೆ ತೊಳಸಿ ಕಿಟಕಿ ಬೇಕಾಯಿತು. ಹಾಗಾಗಿ ಸೂಜಿ ನಡುವೆ ಕೂರಬೇಕಾಯಿತು, ನನ್ನ ಪಕ್ಕ. ಏಳು ಗಂಟೆಯಲ್ಲಿ ಅವಳು ಆಡಿದ್ದು ಒಂದೇ ಮಾತು. ಇಳಿಯುವ ಮೊದಲು, ನನ್ನ ಮಗಳಿಗೆ ನಾನು ಬಾ ಅಂತಲೂ ಹೇಳಲ್ಲ, ಹೋಗು ಅಂತಲೂ ಹೇಳಲ್ಲ, ಅದು ನಿನ್ನ ಕೆಲಸ ಎಂದಳು. ನನ್ನ ಕೆಲಸ ನನಗೆ ಗೊತ್ತು ಎಂದೆ.

ಅಡುಗೆಮನೆ ಇದ್ದ ಹಾಗೇ ಇತ್ತು. ಸ್ವಚ್ಛವಾಗಿತ್ತು. ಬೈಯಲು ಏನೂ ಸಿಗಲಿಲ್ಲ.

ಮಾರ್ಚ್ ೨೭, ಗುರುವಾರ

ಬೆಳಿಗ್ಗೆ ಏಳಕ್ಕೆ ಎಲ್ಲರೂ ಬಂದರು. ನಾನು ಹಿಟ್ಟಿನ ಡಬ್ಬ ಕೆಳಗಿಟ್ಟು ಆ ಕುರ್ಚಿಯಲ್ಲಿ ಕೂತೆ. ಕಾಲು ನೋಯುತ್ತಿದೆ, ಬೇಕಾದವರು ಎದ್ದು ಬಡಿಸಿಕೊಳ್ಳಿ ಎಂದೆ. ಹಿರಿಯ ಕೆಲಸಗಾರ ತಟ್ಟೆ ಹಿಡಿದು ನಿಂತುಬಿಟ್ಟ. ನನ್ನ ಮುಖ ನೋಡುತ್ತಾ ನಿಂತರೆ ತಿಂಡಿ ತಾನಾಗಿ ಬೀಳುತ್ತಾ ಎಂದು ನಾನು ಗದರಿದ ಮೇಲೆ ಬಡಿಸಿಕೊಂಡ. ಮಗ ಎದ್ದ. ಮಡಚಿದ ಬಟ್ಟೆಯನ್ನು ಇನ್ನೊಂದು ಕುರ್ಚಿಯಿಂದ ಎತ್ತಿ ಕಪಾಟಿನಲ್ಲಿಟ್ಟ.

ಕೂತರೆ ಮೇಜಿನ ಈ ತುದಿಯಿಂದ ಒಲೆ ಕಾಣುವುದಿಲ್ಲ. ಗೊತ್ತಿರಲಿಲ್ಲ.

ಮಾರ್ಚ್ ೨೯, ಶನಿವಾರ

ಮಗ ಬೇರೆ ಮನೆಯ ಬೀಗದ ಕೈ ತರಲು ಮಂಗಳವಾರ ಹೋಗಬೇಕಂತೆ. ತಲೆ ತಗ್ಗಿಸಿ ಹೇಳಿದ. ಸೋಮವಾರ ಎಂಟೂಕಾಲಿಗೆ ನಿನ್ನ ಹೆಂಡತಿಗೆ ಆ ಕೆಫೆಗೆ ಬರಲು ಹೇಳು ಎಂದೆ. ತಪ್ಪಾಯ್ತು ಅಂತೀಯಾ ಅಮ್ಮ ಎಂದು ಕೇಳಿದ. ನಾನು ಏನು ಅನ್ನುತ್ತೇನೆ ಎನ್ನುವುದು ನನ್ನ ಬಾಯಿಗೆ ಬಿಟ್ಟದ್ದು, ನೀನು ಬರಬೇಡ ಎಂದೆ.

ಮಾರ್ಚ್ ೩೧, ಸೋಮವಾರ

ಎಂಟಕ್ಕೇ ಹೋದೆ. ಅವಳು ಕೂರುತ್ತಿದ್ದ ಗಾಜಿನ ಪಕ್ಕದ ಮೇಜು ಖಾಲಿ ಇತ್ತು. ಕೌಂಟರಿನವನು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ. ಹತ್ತಿರದಲ್ಲಿದ್ದ ತಟ್ಟೆಗಳನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. ಎರಡು ಬ್ರೆಡ್ಡು ಮೊಟ್ಟೆ ಮಾಡು, ಒಂದನ್ನು ಮೇಜಿಗೆ ನಾನೇ ತೆಗೆದುಕೊಂಡು ಹೋಗ್ತೀನಿ ಎಂದೆ. ದಿನಾ ಬರುವ ಜನವೇ ಇರಬೇಕು, ಇಬ್ಬರು ಮೂವರು ಪಿಸುಗುಟ್ಟಿದರು.

ಸೊಸೆ ಎಂಟೂಕಾಲಿಗೆ ಬಂದಳು. ಬಾಗಿಲಲ್ಲಿ ನಿಂತಳು. ಅವತ್ತಿನಿಂದ ಅವಳೂ ಇಲ್ಲಿಗೆ ಕಾಲಿಟ್ಟಿಲ್ಲ ಎಂದು ಅವಳು ನಿಂತ ರೀತಿಯಲ್ಲೇ ತಿಳಿಯಿತು. ಸ್ವಲ್ಪ ಇಳಿದುಹೋಗಿದ್ದಾಳೆ. ಬಂದು ತನ್ನ ಜಾಗದಲ್ಲಿ ಕೂತಳು. ನಾನು ಕೌಂಟರಿನಿಂದ ತಟ್ಟೆ ಎತ್ತಿಕೊಂಡು ಬಂದು ಅವಳ ಮುಂದಿಟ್ಟೆ. ಕೆಫೆಗೆ ಕೇಳುವ ಹಾಗೆ ಹೇಳಿದೆ. ನನಗೆ ಮೆಲ್ಲಗೆ ಹೇಳಿ ಅಭ್ಯಾಸವಿಲ್ಲ.

"ಅವತ್ತು ಇಲ್ಲಿಂದ ತಟ್ಟೆ ಎತ್ತಿದವಳು ನಾನು. ನಿನ್ನ ಬಾಯಲ್ಲಿ ತುತ್ತಿತ್ತು, ಅದನ್ನೂ ನೋಡಲಿಲ್ಲ. ಇವತ್ತು ತಂದಿಡ್ತಿರೋಳೂ ನಾನೇ. ಕೂತ್ಕೊಂಡು ತಿನ್ನು. ಯಾರೂ ಎಬ್ಬಿಸಲ್ಲ."

ಅವಳು ತಲೆ ಎತ್ತಲಿಲ್ಲ. ನಾನೂ ನಿಲ್ಲಲಿಲ್ಲ. ನನ್ನ ತಟ್ಟೆ ತೆಗೆದುಕೊಂಡು ಮೂಲೆಯ ಮೇಜಿಗೆ ಹೋಗಿ, ಅವಳಿಗೆ ಬೆನ್ನು ಹಾಕಿ ಕೂತು ತಿಂದೆ. ಬ್ರೆಡ್ಡು ತಣ್ಣಗಿತ್ತು. ಮೂಲೆಯ ಕಡೆಯ ಗೋಡೆಗೂ ಕನ್ನಡಿ ಗಾಜು ಹಾಕಿದ್ದಾರೆ, ಅದೂ ನಮ್ಮದೇ. ಅದರಲ್ಲಿ ಹಿಂದಿನ ಮೇಜು ಕಂಡರೆ ಅದು ನನ್ನ ತಪ್ಪಲ್ಲ. ಬಹಳ ಹೊತ್ತು ಅವಳು ತಟ್ಟೆ ಮುಟ್ಟಲಿಲ್ಲ. ಆಮೇಲೆ ಮುಟ್ಟಿದಳು. ನಿಧಾನವಾಗಿ ತಿಂದಳು. ಹೊರಗೆ ನೋಡುತ್ತಾ ಕೂತಳು. ಸಪ್ಲೈಯರ್ ತಟ್ಟೆ ಎತ್ತಿದಾಗ ಅದರಲ್ಲಿ ಏನೂ ಉಳಿದಿರಲಿಲ್ಲ.

ಹೊರಡುವ ಮೊದಲು ನನ್ನ ಮೇಜಿನ ಹತ್ತಿರ ಬಂದಳು.

"ತಪ್ಪಾಯ್ತು ಅನ್ನೋ ಮಾತು ಬರಲಿಲ್ಲ ಅತ್ತೆ."

"ಬರಲಿಲ್ಲ" ಎಂದೆ.

ಚೀಲದ ಪಟ್ಟಿ ಹೆಗಲಿಗೆ ಏರಿಸಿಕೊಂಡಳು. ಆಮೇಲೆ, "ಸಂಜೆ ಮನೆಗೆ ಬರ್ತೀನಿ. ನಾಳೆ ಆ ಬೀಗದ ಕೈ ತರೋದು ಬೇಡ ಅಂತ ಅವರಿಗೆ ಹೇಳ್ತೀನಿ. ಆದ್ರೆ ಬೆಳಿಗ್ಗೆ ತಿಂಡಿಗೆ ನಾನು ಇಲ್ಲಿಗೇ ಬರೋದು" ಎಂದಳು.

"ಎಲ್ಲಿ ತಿಂತೀಯ ಅಂತ ನಾನೇನೂ ಕೇಳಲಿಲ್ಲ. ಬಸ್ಸು ಬೇಗ ಅಂತ ಮಾತ್ರ ಇನ್ನು ಹೇಳಬೇಡ."

ಹೋದಳು. ಬ್ರೆಡ್ಡು ತಣ್ಣಗಿದ್ದುದನ್ನು ಕೌಂಟರಿನವನಿಗೆ ಹೇಳಿದೆ. ಮುಂಗಾಜಿನ ಮೇಲೆ ಕೈಗುರುತು ಇದೆ, ದಿನಾ ಒರೆಸಬೇಕು, ಸುಮ್ಮನೆ ಎಂಟು ಎಂಎಂ ಹಾಕಿಕೊಟ್ಟಿಲ್ಲ ಎಂದೂ ಹೇಳಿದೆ. ನಾಳೆಯಿಂದ ಒರೆಸುತ್ತಾನಂತೆ. ನೋಡಬೇಕು.

ನನ್ನ ತಟ್ಟೆಯಲ್ಲಿ ಎರಡು ಹಳದಿ ಉಳಿದಿದ್ದವು. ಎಸೆಯುವುದು ನಮ್ಮ ಮನೆಯ ಪದ್ಧತಿಯಲ್ಲ. ಕಾಗದದಲ್ಲಿ ಕಟ್ಟಿಸಿಕೊಂಡೆ. ಸೂಜಿಯ ಮನೆ ನನ್ನ ದಾರಿಯಲ್ಲಿ ಬರುವುದಿಲ್ಲ, ಆದರೆ ಆ ಬೀದಿಯಲ್ಲಿ ನೆರಳಿದೆ. ಬಿಸಿಲು ಬಹಳವಿತ್ತು, ಅದಕ್ಕೇ ಆ ಕಡೆಯಿಂದ ಸುತ್ತಿಕೊಂಡು ಬಂದೆ.